ನೀರು ಬರುವ ಹೊತ್ತಿಗೆ ನಿಲ್ಲಿಸಿದ ನಲ್ಲಿ

ಚಾಮರಾಜಪೇಟೆ, ಬೆಂಗಳೂರು
೧೧ ಜೂನ್ ೧೯೮೪, ಸೋಮವಾರ

ಶಿವಕುಮಾರಿಗೆ,

ಅತ್ತೆಯ ಕಾಗದ ಎಂದು ಕಂಡ ಕೂಡಲೇ ಹರಿದು ಒಲೆಗೆ ಹಾಕಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಹಾಕು. ನಾವೆಲ್ಲ ಕ್ಷೇಮ ಎಂದು ಶುರುಮಾಡೋಣವೆಂದರೆ ಈ ಮನೆಯಲ್ಲಿ ಯಾರೂ ಕ್ಷೇಮವಾಗಿಲ್ಲ. ನಿನ್ನ ಮಗಳು ಜೀವದಿಂದ ಇದ್ದಾಳೆ, ಮೊದಲು ಅದು ತಿಳಿದುಕೋ. ಉಣ್ಣುತ್ತಾಳೆ, ಮಲಗುತ್ತಾಳೆ, ದಿನಕ್ಕೆ ಹತ್ತು ಸಲ "ಅಮ್ಮ ಯಾವಾಗ ಬರ್ತಾಳೆ ಅಜ್ಜಿ" ಎಂದು ನನ್ನ ಪ್ರಾಣ ತಿಂದಿದ್ದಾಳೆ. ಅವಳ ಕತ್ತಿನ ಹಿಂದೆ ನಾಲ್ಕು ಬೆರಳಿನ ಗುರುತು ಇನ್ನೂ ಕಂದಿಕೊಂಡಿದೆ. ಅದು ಹೇಗೆ ಬಂತೆಂದು ಹೇಳುವುದಕ್ಕೇ ಕೂತಿದ್ದೇನೆ. ಹುಡುಗಿಯರ ಸ್ಕೂಲಿನಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದು ಕದ್ದು ಕಲಿತ ಅಕ್ಷರ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು.

ಕಾಗದ ಬರೆಯಲು ಹೇಳಿದವನು ನಿನ್ನ ಗಂಡನೇ. ಚಲುವರಾಜು ಶನಿವಾರದಿಂದ ಆಸ್ಪತ್ರೆಯಲ್ಲಿದ್ದಾನೆ, ತಲೆಗೆ ಒಂಬತ್ತು ಹೊಲಿಗೆ ಬಿದ್ದಿದೆ. ನಿನ್ನೆ ಗಂಜಿ ತೆಗೆದುಕೊಂಡು ಹೋದಾಗ ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡು, "ಅವ್ವ, ಅವಳಿಗೆ ಒಂದು ಕಾಗದ ಹಾಕು. ಪೈಪ್ ಸರಿ ಆಯ್ತು, ನಿನ್ ತಪ್ಪೇನಿಲ್ಲ, ಹಳೇದೆಲ್ಲ ಮರ್ತು ಬಂದ್ಬಿಡು, ಮಗು ಅಳ್ತಿದೆ ಅಂತ ಬರಿ. ನಾನು ಬರೆದ್ರೆ ನಂಬಲ್ಲ, ನೀನು ಬರೆದ್ರೆ ಬರ್ತಾಳೆ" ಎಂದ. ಮಗು ಬೇಕಾದರೆ ಅವಳೇ ಬಂದು ಈ ಹೊಸಿಲೊಳಗೆ ಬಿದ್ದಿರಲಿ, ಇಲ್ಲದಿದ್ದರೆ ಮುಖವನ್ನೂ ತೋರಿಸುವುದಿಲ್ಲ ಎಂದು ಎರಡು ತಿಂಗಳಿಂದ ಹಟ ಹಿಡಿದವನು ಅವನು. ಹೆತ್ತ ಕರುಳು, ಇವತ್ತಲ್ಲ ನಾಳೆ ನೀನು ಬಂದೇ ಬರುತ್ತೀಯೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ಹೇಳಿದ್ದನ್ನು ಬರೆದಾಯಿತು. ಇನ್ನು ಮುಂದಿನದು ನನ್ನ ಮಾತು.

ನೀರಿನ ಬಿಲ್ಲಿನ ವಿಷಯವನ್ನು ನಾನು ನಿನಗೆ ಹೇಳಬೇಕಾಗಿಲ್ಲ, ನಿನ್ನ ಬೆನ್ನ ಮೇಲೇ ಇದೆ. ಆದರೂ ನನ್ನ ಪಾಲಿನದನ್ನು ಹೇಳಿಬಿಡುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಬಿಲ್ಲು ಇದ್ದಕ್ಕಿದ್ದ ಹಾಗೆ ಎರಡರಷ್ಟಾಯಿತು, ಮಾರ್ಚಿಗೆ ಮೂರರಷ್ಟು. ಅದೇ ಮೂರು ನಲ್ಲಿ, ಅದೇ ನಾಲ್ಕು ಜನ. ಹಾಗಾದರೆ ನೀರು ಎಲ್ಲಿ ಹೋಯಿತು? ನನಗೆ ಹುಡುಕುವ ಕಷ್ಟವೇ ಬೇಡವಾಯಿತು, ಕಣ್ಣೆದುರಿಗೆ ಸೊಸೆ ಇದ್ದಳಲ್ಲ. ಚಲುವರಾಜು ಆಫೀಸಿನಿಂದ ಬಂದು ಕಾಫಿ ಲೋಟ ಹಿಡಿದಾಗಲೆಲ್ಲ ಅವನ ಕಿವಿ ಊದಿದೆ. ಇವತ್ತು ನಿನ್ನ ಹೆಂಡತಿ ಮಗುವಿನ ಬಟ್ಟೆಯನ್ನು ಮೂರು ನೀರಲ್ಲಿ ಜಾಲಿಸಿದಳು, ಇವತ್ತು ಮಧ್ಯಾಹ್ನ ಇನ್ನೊಂದು ಸಲ ಮೈ ತೊಳೆದಳು, ನಲ್ಲಿ ಬಿಟ್ಟುಕೊಂಡೇ ಪಕ್ಕದ ಮನೆಯ ದಾಕ್ಷಾಯಣಮ್ಮ ಟೀಚರ ಜೊತೆ ಹರಟೆ ಹೊಡೆದಳು ಎಂದು. ಆ ಹರಟೆಯ ಮಾತು ನಾನೇ ಕಟ್ಟಿದ್ದು. ನೀನು ನಲ್ಲಿ ಬಿಟ್ಟು ಪಕ್ಕಕ್ಕೆ ಹೋದದ್ದನ್ನು ನಾನು ಒಂದು ದಿನವೂ ನೋಡಿಲ್ಲ. ದಿನವೂ ಏನಾದರೂ ಒಂದು ಹೇಳಬೇಕಲ್ಲ, ಅದಕ್ಕೆ ಹೇಳಿದೆ.

ನೀನು ಬುದ್ಧಿವಂತೆ. "ಅತ್ತೆ, ನೆಲದೊಳಗೆ ಪೈಪು ಎಲ್ಲೋ ತೂತಾಗಿರ್ಬೇಕು. ಒಂದಿನ ನೀರು ಬರೋ ಹೊತ್ತಿಗೆ ಎಲ್ಲಾ ನಲ್ಲಿ ನಿಲ್ಸಿ ಮೀಟರ್ ನೋಡೋಣ. ಮುಳ್ಳು ತಿರುಗ್ತಾ ಇದ್ರೆ ಲೀಕು ಅಂತ ಅರ್ಥ" ಎಂದೆ. ನಾನು ಮೈಮೇಲೆ ದೇವರು ಬಂದವಳ ಹಾಗೆ ಕುಣಿದೆ. ದಿನ ಬಿಟ್ಟು ದಿನ, ಬೆಳಗ್ಗೆ ಐದಕ್ಕೆ ಬಂದು ಏಳೂವರೆಗೆ ನಿಂತುಹೋಗುವ ನೀರು. ಅಷ್ಟರೊಳಗೆ ಡ್ರಮ್ಮು, ತೊಟ್ಟಿ, ಹಂಡೆ, ಬಿಂದಿಗೆ ಎಲ್ಲ ತುಂಬಬೇಕು. ಆ ಹೊತ್ತಿನಲ್ಲಿ ನಲ್ಲಿ ನಿಲ್ಲಿಸುವುದೆಂದರೇನು? "ನೀರು ಬಂದಾಗ ನಲ್ಲಿ ನಿಲ್ಸೋ ಹೆಂಗಸು ಈ ಬೆಂಗ್ಳೂರಲ್ಲಿ ಇನ್ನೂ ಹುಟ್ಟಿಲ್ಲ ಕಣೇ, ನಿಮ್ಮಪ್ಪನ ಮನೆಯಿಂದ ತಂದು ತುಂಬಿಸ್ತೀಯಾ" ಎಂದು ಬೈದೆ. ನೀನು ಬಿಂದಿಗೆ ಎತ್ತಿಕೊಂಡು ಒಳಗೆ ಹೋದೆ.

ನನ್ನ ಬುದ್ಧಿ ಹಾಗೆ ಬಲಿತದ್ದು ನಿನ್ನ ತವರಿನ ಬೀದಿಯಲ್ಲೇ. ಈ ಮನೆಗೆ ಬರುವ ಮೊದಲು ನಾವು ಓಕಳಿಪುರದಲ್ಲಿ ರೈಲು ಕಂಬಿಯ ಪಕ್ಕ ಇದ್ದೆವು. ಇಡೀ ಬೀದಿಗೆ ಒಂದೇ ನಲ್ಲಿ. ಒಂದು ದಿನ ಒಬ್ಬಳು ನನ್ನ ಸರದಿ ತಪ್ಪಿಸಿ ತನ್ನ ಬಿಂದಿಗೆ ಇಟ್ಟಳು. ನಾನು ನನ್ನ ಹಿತ್ತಾಳೆ ಬಿಂದಿಗೆ ಎತ್ತಿ ಅವಳ ಹಣೆಗೆ ಹಾಕಿದೆ. ಹಣೆ ಸೀಳಿಕೊಂಡಿತು, ನಲ್ಲಿಯ ಕೆಳಗಿನ ಕಲ್ಲೆಲ್ಲ ರಕ್ತವಾಯಿತು. ಅವಳನ್ನು ಕಾಲಿನಿಂದ ಪಕ್ಕಕ್ಕೆ ನೂಕಿ ನೀರು ಹಿಡಿದುಕೊಂಡು ಬಂದೆ. ಚಲುವನಿಗೆ ಆಗ ಏಳು ವರ್ಷ, ನನ್ನ ಸೆರಗು ಹಿಡಿದು ನಿಂತಿದ್ದ. ಮನೆಗೆ ಬಂದ ಮೇಲೆ ನಡುಗುತ್ತಾ ಅತ್ತ. "ಸುಮ್ನಿರೋ, ನೀರಿಗೋಸ್ಕರ ಹೊಡೆದ್ರೆ ತಪ್ಪಿಲ್ಲ" ಎಂದು ಅವನಿಗೆ ಹೇಳಿಕೊಟ್ಟವಳು ನಾನು. ಈ ಕಥೆ ಹೇಳಿಕೊಂಡು ನಿನ್ನ ಮುಂದೆಯೂ ಎಷ್ಟು ಸಲ ಜಂಭ ಕೊಚ್ಚಿಲ್ಲ?

ಏಪ್ರಿಲ್ಲಿನ ಆ ಭಾನುವಾರ ಚಲುವರಾಜು ತಾನೇ ಮೀಟರ್ ನೋಡಿಬಿಡುತ್ತೇನೆಂದು ಹೊರಟ. ಬೆಳಗ್ಗೆ ನೀರೆಲ್ಲ ಹಿಡಿದಾಗಿತ್ತು, ಸ್ನಾನ ಆಗಿತ್ತು, ತಿಂಡಿಯೂ ಆಗಿತ್ತು. ಹನ್ನೊಂದು ಗಂಟೆಗೆ ಮೂರು ನಲ್ಲಿಯನ್ನೂ ಬಿಗಿಯಾಗಿ ತಿರುಗಿಸಿ, ಗೇಟಿನ ಹತ್ತಿರದ ಗುಂಡಿಯ ಮುಚ್ಚಳವನ್ನು ಕಬ್ಬಿಣದ ಸಲಾಕೆಯಿಂದ ಎಬ್ಬಿಸಿ ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮುಳ್ಳು ಅಲ್ಲಾಡಲಿಲ್ಲ. ಅರ್ಧ ಗಂಟೆ ನೋಡಿದ, ನಾನೂ ನೋಡಿದೆ. ಬೀದಿಯ ಪೈಪಿನಲ್ಲೇ ನೀರಿಲ್ಲದ ಹೊತ್ತಿನಲ್ಲಿ ಮುಳ್ಳು ಹೇಗೆ ತಿರುಗೀತು ಎನ್ನುವುದು ಬಿ.ಎ. ಓದಿದ ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಿನಗೆ ಹೊಳೆಯಿತು. "ಈಗ ನೀರೇ ಇಲ್ವಲ್ಲ, ನಾಡಿದ್ದು ಬೆಳಗ್ಗೆ ನೋಡಿ" ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಅದನ್ನು ಕೇಳಿ ನಕ್ಕರು. ಅಷ್ಟು ಸಾಕಾಯಿತು. "ಲೀಕೂ ಇಲ್ಲ ಗೀಕೂ ಇಲ್ಲ, ನೀನೇ ಲೀಕು" ಎಂದು ಜಡೆ ಹಿಡಿದು ನಿನ್ನನ್ನು ಒಳಗೆ ಎಳೆದುಕೊಂಡು ಬಂದ.

ಮುಂದಿನದನ್ನು ನಾನು ಬರೆಯಲೇಬೇಕು, ಯಾಕೆಂದರೆ ಕಣ್ಣಾರೆ ಕಂಡವಳು ನಾನೊಬ್ಬಳೇ. ಬಚ್ಚಲಿನ ಡ್ರಮ್ಮಿನೊಳಗೆ ನಿನ್ನ ತಲೆ ಅದುಮಿದ. "ನೀರು ಬೇಕಲ್ವಾ ನಿಂಗೆ, ಕುಡಿ" ಎಂದ. ನಿನ್ನ ಕೈ ಡ್ರಮ್ಮಿನ ಅಂಚಿಗಾಗಿ ತಡಕಾಡುತ್ತಿತ್ತು, ಬಳೆ ಚೂರಾಗಿ ಮಣಿಕಟ್ಟಿಗೆ ಚುಚ್ಚಿತು. ಮೇಲೆತ್ತಿದ, ನೀನು ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಅದುಮಿದ. ಮೂರನೆಯ ಸಲ ನಿನ್ನ ಬಾಯಿ ಅಂಚಿಗೆ ಬಡಿದು ಮುಂದಿನ ಹಲ್ಲು ಮುರಿಯಿತು, ಡ್ರಮ್ಮಿನ ನೀರೆಲ್ಲ ಕೆಂಪಾಯಿತು. ಆಮೇಲೆ ನೀರು ಹಿಡಿಯುವ ರಬ್ಬರ್ ಪೈಪನ್ನು ಎರಡು ಸುತ್ತು ಮಡಿಸಿಕೊಂಡು ಬೆನ್ನಿಗೆ ಬಾರಿಸಿದ. ರವಿಕೆ ಹರಿಯಿತು, ಚರ್ಮ ಸುಲಿಯಿತು, ಅವನು ನಿಲ್ಲಿಸಲಿಲ್ಲ. ಮಗು ನಡುಮನೆಯಲ್ಲಿ ಕಿರುಚುತ್ತಿತ್ತು. "ಬಿಡೋ ಚಲುವ, ಸತ್ತೋಗ್ತಾಳೆ" ಎಂದು ನಾನು ಕೂಗಿದೆ, ಅವನ ಕಿವಿಗೆ ಬೀಳಲಿಲ್ಲ. ಅವನ ಕೈ ಸೋತಾಗ ನೀನು ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ, ಹಿತ್ತಿಲ ಬಾಗಿಲಿಂದ ಓಡಿದೆ.

ಮಾರನೆಯ ದಿನ ಮಗುವನ್ನು ಕರೆದೊಯ್ಯಲು ಬಂದ ನಿನ್ನ ಅಣ್ಣ ಸೊಣ್ಣಪ್ಪನಿಗೆ ಗೇಟಿನಲ್ಲೇ ಅದೇ ಸಲಾಕೆಯಿಂದ ಹೊಡೆದ. ಮೊಳಕೈ ಮುರಿದ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು. ನಿಮ್ಮ ದೂರಿನ ಮೇಲೆ ಪೊಲೀಸಿನವರು ಮನೆಗೆ ಬಂದು ಕೇಳಿದಾಗ, ಸೊಸೆ ಬಚ್ಚಲಲ್ಲಿ ಜಾರಿ ಬಿದ್ದಳು, ಅವಳ ಅಣ್ಣ ಕುಡಿದು ಬಂದು ಗಲಾಟೆ ಮಾಡಿದ ಎಂದು ನಾನು ಹೇಳಿದೆ. ಸೊಣ್ಣಪ್ಪ ಕುಡಿಯುವವನಲ್ಲ ಎಂದು ನನಗೆ ಗೊತ್ತಿಲ್ಲವೇ? ಆದರೆ ನಮ್ಮ ವಂಶದಲ್ಲಿ ಸರ್ಕಾರಿ ಕುರ್ಚಿಯ ಮೇಲೆ ಕೂತವನು ಇವನೊಬ್ಬನೇ. ಜೈಲಿಗೆ ಹೋದರೆ ಕೆಲಸ ಹೋಗುತ್ತದೆ ಎಂದು ಹೆದರಿದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅವರು ಬರೆದುಕೊಂಡು ಹೋದರು.

ನೀನು ಹೋದ ಮೇಲೆ ಬಿಲ್ಲು ಇಳಿಯಬೇಕಿತ್ತಲ್ಲ? ಕಳೆದ ವಾರ ಬಂದ ಬಿಲ್ಲು ಹಿಂದಿನದಕ್ಕಿಂತ ಜಾಸ್ತಿ. ಮನೆಯಲ್ಲಿ ನೀನಿಲ್ಲ, ನಿನ್ನ ಸ್ನಾನ ಇಲ್ಲ, ನಿನ್ನ ಬಟ್ಟೆ ಇಲ್ಲ, ಆದರೂ ಜಾಸ್ತಿ. ನಡುಮನೆಯಲ್ಲಿ ಕೂತು ಅದನ್ನು ಮತ್ತೆ ಮತ್ತೆ ಓದಿದೆ. ಥೂ ಮುದುಕಿ, ನಿನ್ನ ಬಾಯಿಗೆ ಮಣ್ಣು ಹಾಕ ಎಂದು ನನ್ನನ್ನು ನಾನೇ ಬೈದುಕೊಂಡೆ. ಬಿಲ್ಲನ್ನು ಅಕ್ಕಿ ಡಬ್ಬದ ಕೆಳಗೆ ಬಚ್ಚಿಟ್ಟೆ.

ಬುಧವಾರ ಬೆಳಗ್ಗೆ ಐದಕ್ಕೆ ನೀರು ಬಂತು. ಚಲುವರಾಜು ಇನ್ನೂ ಮಲಗಿದ್ದ. ನಾನು ಮೂರು ನಲ್ಲಿಯನ್ನೂ ನಿಲ್ಲಿಸಿದೆ. ಅರವತ್ತು ವರ್ಷ ಬದುಕಿದ ಮೇಲೆ ಮೊದಲ ಸಲ, ಬರುವ ನೀರನ್ನು ನಾನಾಗಿ ನಿಲ್ಲಿಸಿದೆ. ಏನೋ ಪಾಪ ಮಾಡುತ್ತಿದ್ದೇನೆ ಅನ್ನಿಸಿತು ಕಣೇ. ಹೋಗಿ ಗುಂಡಿಯ ಮುಚ್ಚಳ ಎತ್ತಿ ಬಗ್ಗಿ ನೋಡಿದರೆ ಮುಳ್ಳು ಗಿರಗಿರನೆ ಸುತ್ತುತ್ತಿತ್ತು. ಮನೆಯಲ್ಲಿ ಒಂದು ತೊಟ್ಟೂ ಬೀಳುತ್ತಿಲ್ಲ, ಮುಳ್ಳು ಮಾತ್ರ ನಿಲ್ಲುತ್ತಿಲ್ಲ. ನೀನು ಹೇಳಿದ್ದು ಇದೇ ಅಲ್ಲವೇ? ಒಂದು ಬೆಳಗ್ಗೆ, ಒಂದೇ ಒಂದು ಬೆಳಗ್ಗೆಯ ನೀರು ಬಿಟ್ಟುಕೊಟ್ಟಿದ್ದರೆ ನಿನ್ನ ಹಲ್ಲು ಉಳಿಯುತ್ತಿತ್ತು, ಸೊಣ್ಣಪ್ಪನ ಕೈ ಉಳಿಯುತ್ತಿತ್ತು ಎಂದು ಆಗ ಅಂದುಕೊಂಡೆ. ಏಳೂವರೆಗೆ ನೀರು ಹೋಗಿ ಮುಳ್ಳು ನಿಲ್ಲುವವರೆಗೂ ಅಲ್ಲೇ ಕೂತು ಅತ್ತೆ. ಹಾಲಿನವನು ಏನಾಯ್ತಜ್ಜಿ ಎಂದು ಕೇಳಿದ, ಅವನಿಗೂ ಬೈದು ಕಳಿಸಿದೆ.

ನಲ್ಲಿ ರಿಪೇರಿ ಮಾಡುವ ಆಂಜಿನಯ್ಯ ಬಂದು ಬಟ್ಟೆ ಒಗೆಯುವ ಕಲ್ಲನ್ನು ಸರಿಸಿ ಅಗೆದ. ಒಂದು ಮೊಳ ಆಳದಲ್ಲಿ ಪೈಪಿನ ತಿರುವು ತುಕ್ಕು ತಿಂದು ಬೆರಳು ತೂರುವಷ್ಟು ತೂತಾಗಿತ್ತು. ನೀರೆಲ್ಲ ಮಣ್ಣಿನೊಳಗಿಂದ ಸೀದಾ ಮೋರಿಗೆ ಹೋಗುತ್ತಿತ್ತು. "ಆರು ತಿಂಗ್ಳಿಂದ ಹೋಗ್ತಾ ಐತಮ್ಮ. ನೀರು ಬಂದಾಗ ನಲ್ಲಿ ನಿಲ್ಸಿ ನೋಡಿದ್ರೆ ಅವತ್ತೇ ಗೊತ್ತಾಗೋದು" ಎಂದ. ಪಾಪ, ಅವನು ತನ್ನ ಪಾಡಿಗೆ ಹೇಳಿದ, ನನಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಸಂಜೆಯೊಳಗೆ ಹೊಸ ಪೈಪು ಹಾಕಿ ಮುಚ್ಚಿಕೊಟ್ಟ.

ಆ ತೂತು ಪೈಪನ್ನೂ ಬಿಲ್ಲನ್ನೂ ಚಲುವರಾಜುವಿನ ಮುಂದಿಟ್ಟೆ. ಅವನು ತಲೆ ಚಚ್ಚಿಕೊಳ್ಳುತ್ತಾನೆ, ಅಂಗಿ ಸಿಕ್ಕಿಸಿಕೊಂಡು ಓಕಳಿಪುರಕ್ಕೆ ಓಡುತ್ತಾನೆ, ನಿನ್ನ ಕಾಲು ಹಿಡಿಯುತ್ತಾನೆ ಎಂದು ಎಣಿಸಿದ್ದೆ. ಅವನು ಪೈಪನ್ನು ತಿರುಗಿಸಿ ತಿರುಗಿಸಿ ನೋಡಿ, "ಸರಿ ಬಿಡು, ರಿಪೇರಿ ಆಯ್ತಲ್ಲ" ಎಂದ. "ಹೆಂಗೂ ಅವಳಿಗೆ ಸ್ವಲ್ಪ ಬುದ್ಧಿ ಬಂತು. ಇನ್ಮೇಲೆ ಎದುರು ಮಾತಾಡಲ್ಲ" ಎಂದು ಎದ್ದು ರೇಡಿಯೋ ಹಾಕಿದ. ಶಿವಕುಮಾರಿ, ಅವನು ನಿನ್ನನ್ನು ಹೊಡೆದದ್ದು ನೀರಿಗಾಗಿ ಅಲ್ಲ. ಹೊಡೆಯುವುದು ಅವನಿಗೆ ಬೇಕಾಗಿತ್ತು, ನೆಪವನ್ನು ನಾನು ಒದಗಿಸಿಕೊಟ್ಟೆ. ನಾಳೆ ಅನ್ನ ಬೆಂದಿಲ್ಲ ಎಂದು ಹೊಡೆಯುತ್ತಾನೆ, ನಾಡಿದ್ದು ಅನ್ನ ಬೆಂದು ಹೋಯಿತು ಎಂದು ಹೊಡೆಯುತ್ತಾನೆ.

ಮೊನ್ನೆ ಶನಿವಾರ ಮಧ್ಯಾಹ್ನ ಮಗು, ನೀನು ಮಾಡುತ್ತಿದ್ದ ಹಾಗೆ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತೇನೆಂದು ಚೊಂಬು ಎತ್ತಿಕೊಂಡು ಹೊರಟು ನಡುಮನೆಯಲ್ಲೆಲ್ಲ ಚೆಲ್ಲಿತು. ಊಟಕ್ಕೆ ಕೂತಿದ್ದವನು ಎಂಜಲು ಕೈಯಲ್ಲೇ ಎದ್ದ. ಮೂರು ವರ್ಷದ ಕೂಸನ್ನು ಕತ್ತಿನ ಹಿಂದೆ ಹಿಡಿದು, ಕೋಳಿಯನ್ನು ಎತ್ತಿದ ಹಾಗೆ ಎತ್ತಿಕೊಂಡು ಬಚ್ಚಲಿಗೆ ನಡೆದ. "ಈಗ್ಲೇ ತಾಯಿ ಬುದ್ಧಿ ಬಂತಾ ನಿಂಗೆ" ಎಂದು ಡ್ರಮ್ಮಿನ ಮೇಲೆ ಬಗ್ಗಿಸಿದ. ಅವಳ ಮೂಗು ನೀರಿಗೆ ತಾಗಿತು. ಅವಳು ಅಳಲಿಲ್ಲ ಕಣೇ, ಕಣ್ಣು ಮುಚ್ಚಿಕೊಂಡು ಉಸಿರು ಬಿಗಿಹಿಡಿದಳು. ಹೇಗೆ ಹಿಡಿಯಬೇಕೆಂದು ಅವಳಿಗೆ ಗೊತ್ತಿತ್ತು. ಹಾಗಾದರೆ ಅದು ಮೊದಲನೆಯ ಸಲ ಅಲ್ಲ, ನಾನು ಸಂತೆಗೋ ಅಂಗಡಿಗೋ ಹೋದಾಗ ಹಿಂದೆಯೂ ಮಾಡಿದ್ದಾನೆ ಎಂದು ನನಗೆ ಆಗ ಗೊತ್ತಾಯಿತು.

ಬಾಗಿಲ ಪಕ್ಕ ಹಿತ್ತಾಳೆ ಬಿಂದಿಗೆ ಇತ್ತು, ಅರ್ಧ ತುಂಬಿತ್ತು. ಎರಡು ಕೈಯಲ್ಲೂ ಎತ್ತಿ ಅವನ ತಲೆಯ ಹಿಂಭಾಗಕ್ಕೆ ಹಾಕಿದೆ. ಹೆತ್ತವಳ ಕೈಯಾದರೂ ಅದು ಹಿಂದೆಮುಂದೆ ನೋಡಲಿಲ್ಲ. ತೆಂಗಿನಕಾಯಿ ಒಡೆದ ಸದ್ದು ಬಂತು. ಅವನು ಮಗುವನ್ನು ಬಿಟ್ಟು ಬಚ್ಚಲ ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದ, ರಕ್ತ ಮೋರಿಯ ಕಡೆ ಹರಿಯಿತು. ಇನ್ನೊಂದು ಏಟಿಗೆ ಬಿಂದಿಗೆ ಎತ್ತಿದ್ದೆ. ಮುಗಿಸಿಯೇಬಿಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಮಗು ನನ್ನ ಕಾಲು ತಬ್ಬಿಕೊಂಡು "ಸಾಕು ಅಜ್ಜಿ" ಎಂದಳು. ಅವನು ಬದುಕಿರುವುದು ಅವಳ ಆ ಒಂದು ಮಾತಿನಿಂದ.

ಹಿಂದಿನಿಂದ ಬಿದ್ದ ಏಟು, ಅವನಿಗೆ ಏನೂ ನೆನಪಿಲ್ಲ. ಒದ್ದೆ ಕಲ್ಲಿನ ಮೇಲೆ ಜಾರಿದೆ ಎಂದುಕೊಂಡಿದ್ದಾನೆ. ನಾಡಿದ್ದು ಬುಧವಾರ ಮನೆಗೆ ಕಳಿಸುತ್ತಾರಂತೆ. ಆಮೇಲೆ ಆರೈಕೆಗೆ ಒಂದು ಆಳು ಬೇಕು, ಅದಕ್ಕೇ ನಿನ್ನನ್ನು ಕರೆಸು ಎನ್ನುವುದು. ಅದಕ್ಕೇ ಹೇಳುತ್ತೇನೆ, ಬರಬೇಡ. ನಿನಗೆ ಕೈ ಮುಗಿಯುತ್ತೇನೆ, ಈ ಗೇಟಿನ ಹತ್ತಿರವೂ ಸುಳಿಯಬೇಡ.

ಮಗು ಈಗ ಈ ಮನೆಯಲ್ಲಿ ಇಲ್ಲ. ಇವತ್ತು ಬೆಳಗ್ಗೆ ದಾಕ್ಷಾಯಣಮ್ಮ ಅವಳನ್ನು ವೈಯಾಲಿಕಾವಲಿನಲ್ಲಿರುವ ತಮ್ಮ ತಂಗಿಯ ಮನೆಗೆ ಕರೆದುಕೊಂಡು ಹೋದರು. ಓಕಳಿಪುರಕ್ಕೇ ಕಳಿಸುತ್ತಿದ್ದೆ, ಆದರೆ ಅವನು ಮೊದಲು ಬಂದು ಬಾಗಿಲು ಒದೆಯುವುದು ಅಲ್ಲಿಗೇ. ಈ ಕಾಗದ ತರುವವರೂ ದಾಕ್ಷಾಯಣಮ್ಮನೇ. ಹೊತ್ತು ಮಾಡದೆ ಅವರ ಜೊತೆಯಲ್ಲೇ ಹೊರಡು, ಬೇಕಾದಷ್ಟು ದಿನ ಅಲ್ಲೇ ಇರು ಎಂದು ಹೇಳಿದ್ದಾರೆ. ಮಗುವಿನ ಬಟ್ಟೆಯ ಗಂಟಿನಲ್ಲಿ ನಿನ್ನ ಎರಡು ಸೀರೆಯನ್ನೂ ಇಟ್ಟಿದ್ದೇನೆ. ರಾತ್ರಿ ಬೆಚ್ಚಿ ಎದ್ದರೆ ಬೆನ್ನು ಸವರು, ಮತ್ತೆ ಮಲಗುತ್ತಾಳೆ.

ನಾಳೆ ನಾನೇ ಸ್ಟೇಷನ್ನಿಗೆ ಹೋಗುತ್ತೇನೆ. ಹಿಂದೆ ಹೇಳಿದ್ದೆಲ್ಲ ಸುಳ್ಳು ಎಂದು ಹೇಳಿ, ನಿನ್ನದು, ಸೊಣ್ಣಪ್ಪನದು, ಮಗುವಿನದು, ಎಲ್ಲವನ್ನೂ ಕಂಡ ಹಾಗೆ ಬರೆಸುತ್ತೇನೆ. ಬಿಂದಿಗೆಯದನ್ನೂ ಬರೆಸುತ್ತೇನೆ. ಅವನ ಕೆಲಸ ಹೋದರೆ ಹೋಗಲಿ. ಬುಧವಾರ ಅವನು ಬಂದು ಮಗು ಎಲ್ಲಿ ಎಂದು ಕೇಳಿದಾಗ ಬಾಗಿಲಲ್ಲಿ ನಾನೇ ಇರುತ್ತೇನೆ. ನನಗೆ ಏನಾದರೂ ಆಯಿತೆಂದು ಸುದ್ದಿ ಬಂದರೂ ನೀನು ಬರಬೇಡ.

ಅತ್ತೆ ಎನ್ನಿಸಿಕೊಳ್ಳುವ ಮುಖ ಉಳಿಸಿಕೊಳ್ಳದ,
ನರಸಮ್ಮ

ಸಹಿ ಹಾಕಿದ ಮೇಲೆ ಬರೆದದ್ದು: ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಇದೆ. ಆ ಭಾನುವಾರ "ಬಿಡೋ ಚಲುವ" ಎಂದು ನಾನು ಕೂಗಲಿಲ್ಲ. ಅವನು ನಿನ್ನನ್ನು ಮೊದಲ ಸಲ ಅದುಮಿದಾಗ ದಾಕ್ಷಾಯಣಮ್ಮ ಬೀದಿ ಬಾಗಿಲು ತಟ್ಟಿದರು. ನಾನು ಹೋಗಿ ಅಗುಳಿ ಹಾಕಿ, ಒಳಗಿನಿಂದಲೇ "ಏನಿಲ್ಲ ಟೀಚರೇ, ಮಗು ಹಟ ಮಾಡ್ತಿದೆ" ಎಂದೆ. ಅವರು ನಂಬಿ ಹಿಂದಿರುಗಿದರು. ಎರಡನೆಯ ಸಲ, ಮೂರನೆಯ ಸಲ ಅದುಮಿದ್ದೆಲ್ಲ ಆಮೇಲೆ. ಸ್ಟೇಷನ್ನಿನಲ್ಲಿ ಇದನ್ನು ನಾನೇ ಹೇಳಬೇಕೆಂದಿದ್ದೇನೆ, ಆದರೆ ಅಲ್ಲಿಗೆ ಹೋಗುವಷ್ಟರಲ್ಲಿ ನನ್ನ ಧೈರ್ಯ ಉಳಿದಿರುತ್ತದೋ ಇಲ್ಲವೋ. ಅದಕ್ಕೆ ನೀನು ಬರೆಸುವಾಗ ಅವನ ಹೆಸರಿನ ಜೊತೆಗೆ ನನ್ನ ಹೆಸರನ್ನೂ ಬರೆಸು.